ಮರುಭೂಮಿ ನೋಡಲು ಯಾವ ಟೂರ್ ಹಿಡಿಯಬೇಕು? ಮೊದಲು ಮಧ್ಯಾಹ್ನದ ಲೆಕ್ಕ ಹಾಕಿ

ಮಾರ್ಚ್ ಮುಗಿಯುತ್ತಾ ಬಂದರೆ ನನಗೆ ಒಂದೇ ಥರದ ಫೋನುಗಳು ಬರುತ್ತವೆ. "ಮಕ್ಕಳಿಗೆ ರಜೆ ಉಂಟು, ಮರುಭೂಮಿ ನೋಡಬೇಕಂತೆ. ಜೈಸಲ್ಮೇರ್ ಒಳ್ಳೇದಾ, ಕಛ್ ಒಳ್ಳೇದಾ, ದುಬೈಗೇ ಹೋಗಿಬಿಡುವುದಾ? ಎಂತ ಮಾಡುವುದು ಮಾರಾಯ್ರೆ?" ನಾನೇನು ಟೂರ್ ಏಜೆಂಟ್ ಅಲ್ಲ. ಮೂರೂ ಕಡೆ ಹೋಗಿ ಬಂದಿದ್ದೇನೆ, ಒಂದು ಕಡೆ ಸರಿಯಾಗಿ ಪೆಟ್ಟು ತಿಂದಿದ್ದೇನೆ. ನನ್ನ ಅರ್ಹತೆ ಅಷ್ಟೇ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಫೋನಲ್ಲಿ ಹೇಳುವ ಬದಲು ಒಮ್ಮೆ ಬರೆದು ಇಡೋಣ ಅಂತ ಕೂತಿದ್ದೇನೆ.

ಮರುಭೂಮಿಗೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ ಅಂತ ಎಲ್ಲರಿಗೂ ಗೊತ್ತು. ಆದರೆ ಶಾಲೆಗೆ ದೊಡ್ಡ ರಜೆ ಸಿಗುವುದು ಏಪ್ರಿಲ್-ಮೇಯಲ್ಲಿ. ಹಾಗಾಗಿ ಈ ಬರಹ ಬಿಸಿಲಲ್ಲೇ ಹೋಗಬೇಕಾದವರಿಗೆ.

ಮೊದಲು ಒಂದು ಭ್ರಮೆ ಬಿಡಿಸಬೇಕು. ಉಡುಪಿ-ಮಂಗಳೂರಿನವರಿಗೆ "ಬಿಸಿಲು ನಮಗೆ ಹೊಸತಾ?" ಅನ್ನುವ ಧೈರ್ಯ ಜಾಸ್ತಿ. ನನಗೂ ಇತ್ತು. ಆದರೆ ನಮಗೆ ಅಭ್ಯಾಸ ಇರುವುದು ಸೆಕೆ. ಬೆವರು ಸುರಿಯುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ, ಆಗ ತಾನಾಗಿ ಒಂದು ಬೊಂಡ ಕುಡಿಯೋಣ ಅನ್ನಿಸುತ್ತದೆ. ಜೈಸಲ್ಮೇರಿನಲ್ಲಿ ಸೆಕೆಯೇ ಇಲ್ಲ. ಬೆವರು ಬಂದದ್ದೇ ಆರಿಹೋಗುತ್ತದೆ, ಅಂಗಿ ಗರಿಗರಿಯಾಗಿ ಒಣಗಿಯೇ ಇರುತ್ತದೆ, 42 ಡಿಗ್ರಿಯಲ್ಲೂ "ಅಷ್ಟೇನೂ ಇಲ್ವಲ್ಲಾ" ಅಂತ ತಿರುಗುತ್ತಿರುತ್ತೀರಿ. ಸಂಜೆ ರೂಮಿಗೆ ಬಂದು ನೋಡಿದರೆ ನನ್ನ ನೀಲಿ ಅಂಗಿಯ ಬೆನ್ನಲ್ಲಿ ಉಪ್ಪಿನ ಬಿಳಿ ಗೆರೆಗಳು, ಮಲ್ಪೆಯ ಒಣಮೀನಿನ ಹಾಗೆ. ಅಷ್ಟು ನೀರು ಮೈಯಿಂದ ಹೋಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ.

ಯಾವುದನ್ನು ನೋಡಿ ಆರಿಸಬೇಕು

ನನ್ನ ಮೊದಲ ಪ್ರಶ್ನೆ ಒಂದೇ: ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಈ ಟೂರ್ ನಿಮ್ಮನ್ನು ಎಲ್ಲಿ ಇಟ್ಟಿರುತ್ತದೆ? ನೆರಳಲ್ಲಾ, ಕಾರಲ್ಲಾ, ಬಯಲಲ್ಲಾ? ಎಷ್ಟು ಜಾಗ ತೋರಿಸುತ್ತಾರೆ ಅನ್ನುವುದು ಆಮೇಲಿನ ಮಾತು. 5 ಗಂಟೆ ಅಂತ ಯಾಕೆ ಹೇಳಿದೆ ಅಂದರೆ, ಜೈಸಲ್ಮೇರ್ ದೇಶದ ಪಶ್ಚಿಮದ ಅಂಚಲ್ಲಿದೆ. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ಏಳೂವರೆ ಆಗುತ್ತದೆ. ಐದು ಗಂಟೆಗೆ ನಮ್ಮಲ್ಲಿ ಬೀಚಿಗೆ ಹೊರಡುವ ಹೊತ್ತು. ಅಲ್ಲಿ ಆ ಹೊತ್ತಿಗೂ ಬಿಸಿಲು ಸುಡುತ್ತಿರುತ್ತದೆ.

ಎರಡನೆಯದು, ಕಾಲಿಗೆ ಎಷ್ಟು ಕೆಲಸ. ಮೆಟ್ಟಿಲು ಎಷ್ಟು, ಬರಿಗಾಲಲ್ಲಿ ನಡೆಯುವುದು ಎಷ್ಟು. ಮೂರನೆಯದು ಶೌಚಾಲಯ. ಇದನ್ನು ಯಾರೂ ಕೇಳುವುದಿಲ್ಲ. ಆದರೆ ಹೆಂಗಸರು ಶೌಚಾಲಯ ಸಿಗಲಿಕ್ಕಿಲ್ಲ ಅಂತ ಹೆದರಿ ನೀರು ಕುಡಿಯದೆ ಕೂರುತ್ತಾರೆ, ಸುಸ್ತಾಗುವುದು ಮೊದಲು ಅವರಿಗೇ. ನಾಲ್ಕನೆಯದು ದುಡ್ಡು, ಅದರಲ್ಲೂ ದರ ತಲೆಗಾ ಗಾಡಿಗಾ ಅನ್ನುವುದು. ಐದನೆಯದು ಗೈಡ್. ಅಲ್ಲಿ ಸುಮ್ನೆ ನೋಡಿದರೆ ಎಲ್ಲ ಹಳದಿ ಕಲ್ಲೇ, ಕಥೆ ಗೊತ್ತಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಮಕ್ಕಳಿಗೆ ಬೋರ್ ಆಗುತ್ತದೆ.

ಜೈಸಲ್ಮೇರ್ ಊರೊಳಗಿನ ಸುತ್ತು

ಬಿಸಿಲಲ್ಲಿ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಖರ್ಚೂ ಎಲ್ಲಕ್ಕಿಂತ ಕಡಿಮೆ. ಒಬ್ಬ ಗೈಡ್, ಬೇಕಾದರೆ ಒಂದು ಆಟೋ, ಅಷ್ಟೇ. ಮೊದಲು ಕೋಟೆ, ಇಲ್ಲಿಯ ರಾಜ ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ್ದು. ಇದರ ವಿಶೇಷ ಏನೆಂದರೆ ಒಳಗೆ ಈಗಲೂ ಜನ ಇದ್ದಾರೆ. ಬಟ್ಟೆ ಒಣಗಲು ಹಾಕಿರುತ್ತಾರೆ, ಸ್ಕೂಟರ್ ನಿಂತಿರುತ್ತದೆ, ಹಸು ದಾರಿಗೆ ಅಡ್ಡ ಮಲಗಿರುತ್ತದೆ. 2013ರಲ್ಲಿ ರಾಜಸ್ಥಾನದ ಬೇರೆ ಐದು ಕೋಟೆಗಳ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು.

ಬಿಸಿಲಿನ ಲೆಕ್ಕದಲ್ಲಿ ಇದು ಯಾಕೆ ಗೆಲ್ಲುತ್ತದೆ ಅಂದರೆ, ಓಣಿಗಳು ಬಹಳ ಕಿರಿದು, ಎರಡೂ ಕಡೆ ಎತ್ತರದ ಮನೆ. ಹತ್ತು ಗಂಟೆಗೂ ಒಂದು ಗೋಡೆಯ ಬುಡದಲ್ಲಿ ನೆರಳಿರುತ್ತದೆ, ಅದನ್ನೇ ಹಿಡಿದು ನಡೆದರಾಯಿತು. ನಮ್ಮವರು ಮಳೆಗೆ ಹೆದರಿ ಇಳಿಜಾರು ಮಾಡು, ಉದ್ದದ ಸೂರು ಇಟ್ಟ ಹಾಗೆ ಅವರು ಬಿಸಿಲಿಗೆ ಹೆದರಿ ಹೀಗೆ ಕಟ್ಟಿಕೊಂಡಿದ್ದಾರೆ. ಪಟ್ವೋಂ ಕೀ ಹವೇಲಿಯಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 19ನೇ ಶತಮಾನದಲ್ಲಿ ಒಬ್ಬ ಶ್ರೀಮಂತ ವ್ಯಾಪಾರಿ ಐದು ಮಕ್ಕಳಿಗೆ ಅಂತ ಕಟ್ಟಿಸಲು ಶುರು ಮಾಡಿದ ಐದು ಮನೆಗಳ ಸಾಲು. ಕಲ್ಲನ್ನು ಲೇಸಿನ ಹಾಗೆ ಕೊರೆದು ಕಿಟಕಿಗೆ ಇಟ್ಟಿದ್ದಾರೆ. ಹೊರಗೆ ಬೆಂಕಿ ಸುರಿಯುತ್ತಿದ್ದರೂ ಆ ಜಾಲಿಯ ಹಿಂದೆ ನಿಂತರೆ ಮುಖಕ್ಕೆ ಗಾಳಿ ಬರುತ್ತದೆ. ಅಮ್ಮ ಅಲ್ಲಿಯೇ ಹತ್ತು ನಿಮಿಷ ಕೂತುಬಿಟ್ಟರು, "ನೀವು ಮೇಲೆ ಹೋಗಿ ಬನ್ನಿ" ಅಂತ.

ತೊಂದರೆ ಎರಡು. ಕೋಟೆಗೆ ಹತ್ತುವ ದಾರಿ ಕಲ್ಲು ಹಾಸಿದ ಏರು, ಸವೆದು ನುಣುಪಾಗಿದೆ. ಮೊಣಕಾಲು ನೋವಿದ್ದವರು ನಿಧಾನಕ್ಕೆ ಹತ್ತಬೇಕು. ಇನ್ನೊಂದು, ಒಳಗಿನ ಜೈನ ಬಸದಿಗಳು. ಅವುಗಳನ್ನು ಬಿಡಬೇಡಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿದ ಕಣ್ಣಿಗೆ ಇವು ಬೇರೆಯೇ ಲೋಕ. ಆದರೆ ಪ್ರವಾಸಿಗಳಿಗೆ ಬಿಡುವುದು ಬೆಳಿಗ್ಗೆ ಹೊತ್ತು, ಚಪ್ಪಲಿ ಹೊರಗೆ, ಚರ್ಮದ ಬೆಲ್ಟು-ಪರ್ಸು ಕೂಡ ಹೊರಗೆ. ಹನ್ನೊಂದು ದಾಟಿದ ಮೇಲೆ ಬಿಸಿಲು ಬಿದ್ದ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಿದರೆ ಕಾವಲಿ ಮೇಲೆ ಕಾಲಿಟ್ಟ ಹಾಗೆ. ಬೆಳಿಗ್ಗೆ ಎಂಟಕ್ಕೇ ಹೋಗಿ.

ದಿನ ಹೀಗೆ ಹೋಗಬೇಕು: ಏಳೂವರೆಗೆ ಹೊರಡಿ, ಕೋಟೆ, ಬಸದಿ, ಹವೇಲಿ ಮುಗಿಸಿ ಹನ್ನೊಂದೂವರೆಗೆ ರೂಮು. ಊಟ, ನಿದ್ದೆ. ಮತ್ತೆ ಐದೂವರೆಗೆ ಗಡಿಸರ್ ಕೆರೆ. ಒಂದು ಕಾಲದಲ್ಲಿ ಇಡೀ ಊರು ಈ ಕೆರೆಯ ನೀರನ್ನೇ ನಂಬಿಕೊಂಡಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಸುರಿಸಿಕೊಂಡು, ಆಮೇಲೆ ಮೇ ತಿಂಗಳಲ್ಲಿ ಟ್ಯಾಂಕರ್ ತರಿಸುವ ನಮ್ಮಂಥವರು ಆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು ಒಳ್ಳೆಯದು.

ಜೀಪಲ್ಲಿ ಹೊರಗಿನ ಸುತ್ತು

ಎಲ್ಲರೂ ಮೊದಲು ಕೇಳುವುದು ಇದನ್ನೇ. ಬಡಾ ಬಾಗ್, ಲೋದ್ರವಾ, ಕುಲ್ಧರಾ, ಕೊನೆಗೆ ಸಮ್ ಮರಳ ದಿಬ್ಬ. ಫೋಟೋಗೆ ಇದೇ ಬೆಸ್ಟ್. ನಾನು ಪೆಟ್ಟು ತಿಂದದ್ದೂ ಇಲ್ಲಿಯೇ.

ನಾವು ಏಪ್ರಿಲ್ ಕೊನೆಗೆ ಹೋಗಿದ್ದೆವು. ಅಮ್ಮ, ಹೆಂಡತಿ, ಇಬ್ಬರು ಮಕ್ಕಳು, ನಾನು. "ಬೆಳಿಗ್ಗೆ 8ಕ್ಕೆ ಗಾಡಿ" ಅಂದವರು ಕಳಿಸಿದ್ದು ಹತ್ತೂಕಾಲಿಗೆ. ಎಸಿ ಉಂಟಾ ಅಂತ ಕೇಳಿದ್ದಕ್ಕೆ ಉಂಟು ಅಂದಿದ್ದರು. ಉಂಟು ನಿಜ, ಆದರೆ ಗಾಡಿ ನಿಂತದ್ದೇ ಡ್ರೈವರ್ ಇಂಜಿನ್ ಆಫ್ ಮಾಡುತ್ತಿದ್ದ, ಡೀಸೆಲ್ ಉಳಿಸಲು. ಕುಲ್ಧರಾ ತಲುಪುವಾಗ ಒಂದೂವರೆ. ಊರಿನಿಂದ 18 ಕಿಲೋಮೀಟರ್ ದೂರದ, 19ನೇ ಶತಮಾನದ ಮೊದಲ ಭಾಗದಲ್ಲಿ ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಹಳ್ಳಿ ಅದು. ಮಾಡಿಲ್ಲದ ಮನೆಗಳು, ಸಾಲು ಸಾಲು ಗೋಡೆ. ದಿವಾನ ಸಲೀಂ ಸಿಂಗನ ಕಾಟಕ್ಕೆ ಒಂದೇ ರಾತ್ರಿ ಎಲ್ಲರೂ ಊರು ಬಿಟ್ಟರು, ಶಾಪ ಹಾಕಿ ಹೋದರು ಅಂತ ಕಥೆ. ನೀರು ಬತ್ತಿದ್ದೇ ಕಾರಣ ಇರಬಹುದು ಅಂತ ಹೇಳುವವರೂ ಇದ್ದಾರೆ. ಆ ಮಧ್ಯಾಹ್ನ ಅಲ್ಲಿ ನಿಂತ ನನಗೆ ಎರಡನೆಯದೇ ಸರಿ ಅನ್ನಿಸಿತು. ನೆರಳು ಅಂತ ಇದ್ದದ್ದು ಗೋಡೆಯ ಬುಡದಲ್ಲಿ ಒಂದು ಗೇಣು. ಅಮ್ಮ ಕೆಳಗೆ ಇಳಿಯಲೇ ಇಲ್ಲ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಜೀಪಲ್ಲಿ ಮುಖ ಕೆಂಪಾಗಿ ಕೂತಿದ್ದಾರೆ, ಸ್ಟೀಲ್ ಬಾಟಲಿಯ ನೀರು ಚಾ ಮಾಡುವಷ್ಟು ಬಿಸಿ. ಮಾತು ಸ್ವಲ್ಪ ತೊದಲುತ್ತಿತ್ತು. ನಮಗೆ ಕೈಕಾಲೇ ಆಡಲಿಲ್ಲ.

ನಮ್ಮ ಜೊತೆ ಬಂದಿದ್ದ ಗೈಡ್, ಅರುವತ್ತು ದಾಟಿದ ಮನುಷ್ಯ, ಬೈಯಲೂ ಇಲ್ಲ ಗಾಬರಿ ಮಾಡಲೂ ಇಲ್ಲ. ತನ್ನ ತಲೆಯ ರುಮಾಲು ಬಿಚ್ಚಿ ನೀರಲ್ಲಿ ನೆನೆಸಿ "ಮಾತಾಜಿ, ಕಣ್ಣು ಮುಚ್ಚಿ" ಅಂತ ಹಿಂದಿಯಲ್ಲಿ ಹೇಳಿ ತಲೆ, ಕುತ್ತಿಗೆಗೆ ಸುತ್ತಿದ. ಇಂಜಿನ್ ಹಾಕಿಸಿ ಎಸಿ ಬಿಡಿಸಿದ. ಹತ್ತಿರದ ಒಂದು ಢಾಬಾಕ್ಕೆ ಕರೆದುಕೊಂಡು ಹೋಗಿ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದ. ಮುಕ್ಕಾಲು ಗಂಟೆಯಲ್ಲಿ ಅಮ್ಮ "ಈ ಮಜ್ಜಿಗೆಗೆ ಒಗ್ಗರಣೆ ಇಲ್ಲ" ಅಂದರು. ಆಗ ನನಗೆ ಜೀವ ಬಂತು. (ಮಾತು ತೊದಲುವುದು, ಗೊಂದಲವಾಗುವುದು ಸಣ್ಣ ಲಕ್ಷಣ ಅಲ್ಲ. ನಾವು ನೇರ ಆಸ್ಪತ್ರೆಗೆ ಹೋಗಬೇಕಿತ್ತು. ನೀವು ನಮ್ಮ ಹಾಗೆ ಅದೃಷ್ಟ ನಂಬಬೇಡಿ.) ದುಡ್ಡು ವಾಪಸ್ ಕೇಳಿದರೆ ಟೂರಿನವರು "ಬೇಸಿಗೆಯಲ್ಲಿ ಯಾಕೆ ಬಂದಿರಿ" ಅಂದರು. ಬುಕಿಂಗ್ ಮಾಡುವಾಗ ಈ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ.

ಹಾಗಂತ ಜೀಪ್ ಬೇಡ ಅಂತ ನಾನು ಹೇಳುವುದಿಲ್ಲ. ದಿನವನ್ನು ಮುರಿದರೆ ಇದು ಬಹಳ ಒಳ್ಳೆಯ ಟೂರ್. ಬೆಳಿಗ್ಗೆ ಆರೂವರೆಗೆ ಹೊರಟು ಬಡಾ ಬಾಗಿನ ಛತ್ರಿಗಳು (ರಾಜರ ನೆನಪಿಗೆ ಕಟ್ಟಿದ ಕಲ್ಲಿನ ಮಂಟಪಗಳು), ಲೋದ್ರವಾದ ಪಾರ್ಶ್ವನಾಥ ದೇವಸ್ಥಾನ ನೋಡಿ ಹತ್ತಕ್ಕೆ ವಾಪಸ್. ಮತ್ತೆ ಐದಕ್ಕೆ ಹೊರಟು ಕುಲ್ಧರಾ, ಅಲ್ಲಿಂದ ಸಮ್. ಎರಡು ಸಲ ಓಡಾಟ, ಡೀಸೆಲ್ ಜಾಸ್ತಿ, ಹಾಗಾಗಿ ಅವರು ಒಪ್ಪಲು ಸ್ವಲ್ಪ ಮೇಲೆ ಕೇಳುತ್ತಾರೆ. ಕೊಡಿ. ಇಲ್ಲಿ ದರ ಸಾಮಾನ್ಯವಾಗಿ ಗಾಡಿಗೆ, ತಲೆಗಲ್ಲ. ಐದಾರು ಜನ ಇದ್ದರೆ ಹಂಚಿದಾಗ ಏನೂ ಅನ್ನಿಸುವುದಿಲ್ಲ. ಇಬ್ಬರೇ ಇದ್ದರೆ ಮಾತ್ರ ಶೇರ್ ಜೀಪ್ ಅಗ್ಗ, ಆದರೆ ಶೇರ್ ಜೀಪಿನ ಸಮಯ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಸಮ್ ಊರಿಂದ 40 ಕಿಲೋಮೀಟರ್ ಚಿಲ್ಲರೆ. ಜಾತ್ರೆಯ ಹಾಗೆ ಒಂಟೆ, ಜೀಪು, ಡೋಲು. ಗಲಾಟೆ ಬೇಡದವರಿಗೆ ಖೂರಿ ಕಡೆಯ ದಿಬ್ಬಗಳಿವೆ. ಬೇಸಿಗೆಯಲ್ಲಿ ಎಷ್ಟೋ ಟೆಂಟುಗಳು ಮುಚ್ಚಿರುತ್ತವೆ, ರಾತ್ರಿ ಉಳಿಯುವ ಆಸೆ ಇದ್ದರೆ ಮೊದಲೇ ಕೇಳಿಕೊಳ್ಳಿ. ಮರಳು ಹೇಗೆ ಕಾಯುತ್ತದೆ ಅಂತ ಮಧ್ಯಾಹ್ನ ಪಣಂಬೂರು ಬೀಚಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಕೊನೆಗೆ ಕಾಲಿಡಲು ನೀರೂ ಇಲ್ಲ.

ತನೋಟ್-ಲೋಂಗೇವಾಲಾ

ಇದು ಕೇಳಲು ವಿಚಿತ್ರ, ಆದರೆ ವಯಸ್ಸಾದವರಿದ್ದರೆ ಎಲ್ಲಕ್ಕಿಂತ ದೂರದ ಈ ಟೂರೇ ಕೆಲವೊಮ್ಮೆ ಎಲ್ಲಕ್ಕಿಂತ ಆರಾಮ. ತನೋಟ್ ಜೈಸಲ್ಮೇರಿನಿಂದ ಸುಮಾರು 120 ಕಿಲೋಮೀಟರ್, ಲೋಂಗೇವಾಲಾ ಸೇರಿಸಿದರೆ ಇಡೀ ದಿನ ಬೇಕು. ಅಂದರೆ ಮಧ್ಯಾಹ್ನದ ಹೊತ್ತು ಹೆಚ್ಚಿನಂಶ ಎಸಿ ಕಾರಲ್ಲೇ ಕಳೆಯುತ್ತದೆ. ಇಳಿಯುವುದು ಎರಡೇ ಕಡೆ.

ತನೋಟ್ ಮಾತಾ ದೇವಸ್ಥಾನವನ್ನು ಗಡಿ ಭದ್ರತಾ ಪಡೆಯವರೇ ನೋಡಿಕೊಳ್ಳುತ್ತಾರೆ. 1965ರ ಯುದ್ಧದಲ್ಲಿ ಸುತ್ತ ಬಿದ್ದು ಸಿಡಿಯದ ಪಾಕಿಸ್ತಾನದ ಶೆಲ್ಲುಗಳನ್ನು ಅಲ್ಲಿ ಇಟ್ಟಿದ್ದಾರೆ. ದೇವಿಯ ಮಹಿಮೆ ಅಂತ ಸೈನಿಕರ ನಂಬಿಕೆ. ಲೋಂಗೇವಾಲಾದಲ್ಲಿ 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಮತ್ತು ಸುಮಾರು 120 ಜನ ಟ್ಯಾಂಕುಗಳ ಎದುರು ಬೆಳಗಿನವರೆಗೆ ಹಿಡಿದು ನಿಂತರು, ಬೆಳಕಾದ ಮೇಲೆ ಜೈಸಲ್ಮೇರಿನಿಂದ ಹಂಟರ್ ವಿಮಾನಗಳು ಬಂದು ಟ್ಯಾಂಕುಗಳನ್ನು ಒಡೆದವು. ಸಿಕ್ಕಿಬಿದ್ದ ಟ್ಯಾಂಕುಗಳು ಈಗಲೂ ಅಲ್ಲಿವೆ. ಮಕ್ಕಳಿಗೆ ಮುಟ್ಟಬೇಡಿ ಅಂತ ಮೊದಲೇ ಹೇಳಿ. ನನ್ನ ಚಿಕ್ಕವನು ಕೈ ಇಟ್ಟು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ.

ಕೊರತೆ ಏನೆಂದರೆ, ಕೆತ್ತನೆ, ಹಳೇ ಮನೆ ಅಂತ ಬಂದವರಿಗೆ ಇದು ಬರೀ ರಸ್ತೆ. ಕಾರಿನ ಖರ್ಚು ಜಾಸ್ತಿ. ರಾಮಗಢ ದಾಟಿದ ಮೇಲೆ ಅಂಗಡಿ, ಶೌಚಾಲಯ ಬಹಳ ಕಡಿಮೆ. ಮುಂದೆ ಹೋಗುವ ಮೊದಲು ಅಲ್ಲಿಯೇ ಎಲ್ಲ ಮುಗಿಸಿಕೊಳ್ಳಿ. ಕಾರು ಒಳ್ಳೆಯ ಸ್ಥಿತಿಯಲ್ಲಿ ಇರಬೇಕು, ಇಲ್ಲಿ ಟಯರ್ ಪಂಕ್ಚರ್ ಆದರೆ ತಮಾಷೆ ಅಲ್ಲ.

ದುಬೈ, ಅಲ್ ಐನ್

ಮಂಗಳೂರಿನಿಂದ ವಿಮಾನದಲ್ಲಿ ಮೂರೂವರೆ ಗಂಟೆ. ಶಿರಾಡಿ ಘಾಟಿಯಲ್ಲಿ ಬಸ್ಸು ಹತ್ತಿ ಬೆಂಗಳೂರು ಮುಟ್ಟುವ ಅರ್ಧ ಹೊತ್ತು. ನಮ್ಮಲ್ಲಿ ಗಲ್ಫಲ್ಲಿ ಒಬ್ಬ ಭಾವನೋ ಚಿಕ್ಕಪ್ಪನೋ ಇಲ್ಲದ ಮನೆ ಕಡಿಮೆ, ಉಳಿಯುವ ಖರ್ಚು ಉಳಿಯಿತು ಅಂತ ಲೆಕ್ಕ.

ಅಲ್ಲಿಯ ಸಂಜೆ ಸಫಾರಿ ಮಧ್ಯಾಹ್ನದ ಪರೀಕ್ಷೆಯಲ್ಲಿ ಸುಲಭವಾಗಿ ಪಾಸ್. ಮೂರರ ಹೊತ್ತಿಗೆ ಎಸಿ ಗಾಡಿ ಮನೆ ಬಾಗಿಲಿಗೆ ಬರುತ್ತದೆ, ಟಯರಿನ ಗಾಳಿ ಇಳಿಸಿ ದಿಬ್ಬದ ಮೇಲೆ ಹತ್ತಿಸಿ ಇಳಿಸುತ್ತಾರೆ, ಬಿಸಿಲು ಇಳಿದ ಮೇಲೆ ಕ್ಯಾಂಪಲ್ಲಿ ಒಂಟೆ, ಮದರಂಗಿ, ಕುಣಿತ, ಊಟ. ಎಲ್ಲ ಗಡಿಯಾರದ ಹಾಗೆ ನಡೆಯುತ್ತದೆ. ಆ ದೇಶದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಹೊರಗಿನ ಕೆಲಸ ಮಾಡಿಸುವುದೇ ಕಾನೂನು ಪ್ರಕಾರ ತಪ್ಪು. ಅಲ್ಲಿ ದುಡಿದು ಬಂದ ನಮ್ಮವರನ್ನು ಕೇಳಿ, ಆ ಹೊತ್ತು ಏನೆಂದು ಹೇಳುತ್ತಾರೆ.

ಆದರೆ ನೋಡಿದ್ದು ಏನು ಅಂತ ಕೇಳಿದರೆ, ಮರಳು. ಕಥೆ ಇರುವ ಜಾಗ ಬೇಕಾದರೆ ಅಲ್ ಐನ್‌ಗೆ ಹೋಗಬೇಕು. ಅಲ್ಲಿ ಖರ್ಜೂರದ ದೊಡ್ಡ ತೋಟ ಉಂಟು, ಫಲಜ್ ಅನ್ನುವ ಹಳೇ ಕಾಲುವೆಗಳಲ್ಲಿ ನೀರು ಹರಿಸುತ್ತಾರೆ. 2011ರಲ್ಲಿ ಇದೂ ಯುನೆಸ್ಕೋ ಪಟ್ಟಿಗೆ ಸೇರಿತು. ಅಡಿಕೆ ತೋಟದ ಕಣಿಯ ಬದಿಯಲ್ಲಿ ಬೆಳೆದವರಿಗೆ ಆ ನೆರಳಲ್ಲಿ ನಡೆಯುವಾಗ ಮನೆಗೆ ಬಂದ ಹಾಗೆ ಆಗುತ್ತದೆ. ಬಿಸಿಲಿನ ದಿನಕ್ಕೆ ಸಫಾರಿಗಿಂತ ನನಗೆ ಇದೇ ಇಷ್ಟ. ಒಳನಾಡು ಆದ್ದರಿಂದ ದುಬೈಯ ಕಡಲ ಸೆಕೆಯೂ ಅಲ್ಲಿ ಇಲ್ಲ.

ದರ ಇಲ್ಲಿ ತಲೆಗೆ. ಟಿಕೆಟ್, ವೀಸಾ ಕೂಡ ತಲೆಗೆ. ಇಬ್ಬರಿಗೆ ಸರಿ, ಆರು ಜನರ ಕುಟುಂಬಕ್ಕೆ ಲೆಕ್ಕ ಹಾಕಿದರೆ ಬೆವರುವುದು ಉಡುಪಿಯಲ್ಲೇ ಶುರುವಾಗುತ್ತದೆ. ಬೆನ್ನುನೋವು ಇದ್ದವರು, ಗರ್ಭಿಣಿಯರು ಆ ದಿಬ್ಬ ಹತ್ತುವ ಗಾಡಿಗೆ ಕೂರಲೇಬಾರದು.

ಕಛ್

ಬೇಸಿಗೆಗೆ ಬೇಡ. ಬಿಳಿ ರಣ ಅಂದರೆ ಉಪ್ಪಿನ ಬಯಲು, ಅಲ್ಲಿ ಬಿಸಿಲು ಮೇಲಿಂದಲೂ ಬರುತ್ತದೆ, ಉಪ್ಪಿನ ನೆಲದಿಂದ ಕಣ್ಣಿಗೂ ಹೊಡೆಯುತ್ತದೆ. ಧೋಲಾವೀರಾ, 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹರಪ್ಪನ್ನರ ಊರು, ನಿಜಕ್ಕೂ ದೊಡ್ಡ ಅನುಭವ. ಮಳೆ ಇಲ್ಲದ ಕಡೆ ಸಾವಿರಾರು ವರ್ಷದ ಹಿಂದೆ ಕಲ್ಲಲ್ಲಿ ಕಟ್ಟಿದ ಕೆರೆಗಳು. ಆದರೆ ಪೂರ್ತಿ ಬಯಲು. ಡಿಸೆಂಬರ್ ರಜೆಗೆ ಇಟ್ಟುಕೊಳ್ಳಿ. ಉಡುಪಿಯವರಿಗೆ ಅನುಕೂಲ ಏನೆಂದರೆ ಕೊಂಕಣ ರೈಲ್ವೆಯಲ್ಲಿ ಹೋಗುವ ನಾಗರಕೋಯಿಲ್-ಗಾಂಧಿಧಾಮ ಗಾಡಿ ಕಛ್‌ನ ಬಾಗಿಲಿಗೇ ಇಳಿಸುತ್ತದೆ.

ರಾಜಸ್ಥಾನಕ್ಕೂ ಅದೇ ಹಳಿಯ ಮೇಲೆ ವಾರಕ್ಕೊಮ್ಮೆ ಅಜ್ಮೀರಿಗೆ ಮರುಸಾಗರ ಎಕ್ಸ್‌ಪ್ರೆಸ್ ಉಂಟು. ಹೆಸರು ನೋಡಿ, ಮರು ಅಂದರೆ ಮರುಭೂಮಿ, ಸಾಗರ ನಮ್ಮದು. ಅಲ್ಲಿಂದ ಜೋಧಪುರ, ಮತ್ತೆ ಜೈಸಲ್ಮೇರ್. ಸಮಯ ಬಹಳ ಹೋಗುತ್ತದೆ, ದುಡ್ಡು ಉಳಿಯುತ್ತದೆ. ವಿಮಾನ ಅಂದರೆ ಬೆಂಗಳೂರು ಅಥವಾ ಮುಂಬೈಯಲ್ಲಿ ಬದಲಿಸಿ ಜೋಧಪುರಕ್ಕೆ ಹೋಗಿ, ಮುಂದೆ ಕಾರಲ್ಲಿ ಐದು ಗಂಟೆ.

ಹಾಗಾದರೆ ಯಾರಿಗೆ ಯಾವುದು

ಕೈ ಬಿಗಿ ಇದ್ದರೆ, ಜೊತೆಗೆ ಸಣ್ಣ ಮಕ್ಕಳಿದ್ದರೆ, ಜೈಸಲ್ಮೇರ್ ಊರೊಳಗಿನ ಸುತ್ತು ಸಾಕು. ಒಂದು ಸಂಜೆ ಮಾತ್ರ ಸಮ್‌ಗೆ ಹೋಗಿ ಬನ್ನಿ. ಗಟ್ಟಿಮುಟ್ಟಾದ ನಾಲ್ಕೈದು ಜನ ಸ್ನೇಹಿತರಾದರೆ ದಿನವನ್ನು ಎರಡಾಗಿ ಮುರಿದ ಜೀಪ್ ಟೂರ್. ಅಪ್ಪ-ಅಮ್ಮ ಜೊತೆಗಿದ್ದು ಕಾರಿಗೆ ಖರ್ಚು ಮಾಡಬಲ್ಲಿರಾದರೆ ತನೋಟ್. ಎರಡೇ ಮೂರು ದಿನ ರಜೆ, ಪಾಸ್‌ಪೋರ್ಟ್ ರೆಡಿ, ಭಾವ ಶಾರ್ಜಾದಲ್ಲಿ ಅಂತಾದರೆ ದುಬೈ, ಅದರಲ್ಲಿ ಒಂದು ದಿನ ಅಲ್ ಐನ್‌ಗೆ.

ಬುಕ್ ಮಾಡುವಾಗ ಫೋನಲ್ಲಿ ಇಷ್ಟು ಕೇಳಿ: ಗಾಡಿ ನಿಂತಾಗಲೂ ಎಸಿ ಹಾಕಿಡುತ್ತೀರಾ, ತಡವಾದರೆ ಎಷ್ಟು ಕಡಿಮೆ ಮಾಡುತ್ತೀರಿ, ಮಧ್ಯಾಹ್ನ ಊಟ ಎಲ್ಲಿ, ಗೈಡಿಗೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದೆಯಾ. ಗೈಡ್ ನಿಮ್ಮನ್ನು ಕಮಿಷನ್ ಅಂಗಡಿಗೆ ಕರೆದುಕೊಂಡು ಹೋಗುತ್ತಾನೆ, ಅದು ಇದ್ದದ್ದೇ. ಮಧ್ಯಾಹ್ನ ಎರಡಕ್ಕೆ ಕರೆದುಕೊಂಡು ಹೋದರೆ ಬೇಡ ಅನ್ನಬೇಡಿ, ಅಲ್ಲಿ ಫ್ಯಾನ್ ಇರುತ್ತದೆ, ಕೂರಿಸಿ ಚಾ ಕೊಡುತ್ತಾರೆ.

ರೂಮಿನಲ್ಲೂ ಸ್ವಲ್ಪ ಉಳಿಸಬಹುದು. ನಮ್ಮಲ್ಲಿ ಕೂಲರ್ ಅಂದರೆ ದುಡ್ಡು ದಂಡ, ಸೆಕೆ ಇನ್ನೂ ಜಾಸ್ತಿ ಮಾಡುತ್ತದೆ. ಅಲ್ಲಿ ಗಾಳಿ ಒಣಗಿರುವುದರಿಂದ ಕೂಲರ್ ನಿಜವಾಗಿಯೂ ತಣ್ಣಗೆ ಮಾಡುತ್ತದೆ, ಎಸಿ ರೂಮಿಗಿಂತ ಅಗ್ಗ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ ಅಳೆದು ಹಾಕಿ ಕಲಸಿ ಇಟ್ಟುಕೊಳ್ಳಿ. ಅಮ್ಮ ಈಗ ಎಲ್ಲಿಗೆ ಹೊರಟರೂ ಒಣಗಿದ ಪುನರ್ಪುಳಿ ಸಿಪ್ಪೆಯ ಒಂದು ಪೊಟ್ಟಣ ಚೀಲಕ್ಕೆ ಹಾಕುತ್ತಾರೆ. ಬಾಟಲಿಗೆ ಒದ್ದೆ ಬೈರಾಸು ಸುತ್ತಿ ಗಾಡಿಯ ಕಿಟಕಿ ಹತ್ತಿರ ಗಾಳಿಗೆ ಇಡುವುದನ್ನು ಆ ಗೈಡ್ ಕಲಿಸಿದ. ಇಪ್ಪತ್ತು ನಿಮಿಷದಲ್ಲಿ ನೀರು ಮಡಕೆಯದ್ದರ ಹಾಗೆ ತಣ್ಣಗಾಯಿತು. ಊರಿಗೆ ಬಂದು ಅದನ್ನೇ ಮಾಡಿ ನೋಡಿದೆ. ನೀರು ಹಾಗೆಯೇ ಇತ್ತು, ಬೈರಾಸಿಗೆ ಮಾತ್ರ ಮುಗ್ಗಲು ವಾಸನೆ ಬಂತು.